ಮೈಸೂರಿನ ಮಹಾನವಮಿ

ಶರದೃತುವಿನ ಬಿಸಿಲು ಹದಕ್ಕೆ ಬಂದು, ಕೆರೆಯ ಏರಿಯ ಮೇಲೆ ಕಾಶಕುಸುಮಗಳು ಅರಳಿದುವೆಂದರೆ ನಮ್ಮ ಮನೆಯಲ್ಲಿ ಪೆಟ್ಟಿಗೆಗಳನ್ನು ಅಟ್ಟದಿಂದ ಇಳಿಸುವ ಕಾಲ ಬಂದಿತೆಂದು ಅರ್ಥ. ನಾವು ಹಾಸನದ ಸೀಮೆಯಲ್ಲಿ ಉಪಾಧ್ಯಾಯ ವೃತ್ತಿಯನ್ನು ಹಿಡಿದಂದಿನಿಂದ ಇಂದಿನವರೆಗೂ, ಅಶೌಚವೋ ಕಾಯಿಲೆಯೋ ಅಡ್ಡಬಂದ ಎರಡು ಮೂರು ವರ್ಷಗಳನ್ನು ಬಿಟ್ಟರೆ, ನವರಾತ್ರಿಯನ್ನೆಲ್ಲ ಮೈಸೂರಿನ ಅಕ್ಕನ ಮನೆಯಲ್ಲಿಯೇ ಕಳೆದಿದ್ದೇವೆ. ಅಕ್ಕನ ಮನೆಯೆಂದೆವಷ್ಟೆ, ಅದು ನಮ್ಮ ತವರೂ ಹೌದು. ತಂದೆಯವರು ಪಾಠಪ್ರವಚನಗಳನ್ನು ಮಾಡಿಕೊಂಡು ಬಾಳಿದ್ದು ಅಗ್ರಹಾರದ ಆ ಹೆಂಚಿನ ಮನೆಯಲ್ಲಿ. ಭಾವನವರಿಗೆ ಮೈಸೂರಿನಲ್ಲಿಯೇ ಉದ್ಯೋಗವಿದ್ದುದರಿಂದ ತಂದೆತಾಯಿಗಳ ಕಡೆಗಾಲದಲ್ಲಿ ಅಕ್ಕನೇ ಅಲ್ಲಿಗೆ ಬಂದು ನಿಂತು, ಮನೆಯನ್ನೂ ಮನೆಯ ಹಬ್ಬಗಳನ್ನೂ ಉಳಿಸಿಕೊಂಡಳು.

ಈ ಸಲ ಭಾದ್ರಪದದಲ್ಲಿಯೇ ಅಕ್ಕನ ಕಾರ್ಡು ಬಂದಿತು. ದೂರವಾಣಿಯಲ್ಲಿ ಮಾತನಾಡಲು ಅವಳಿಗೆ ಬಾರದೆಂದಲ್ಲ. ಮುಖ್ಯವಾದ ಸಂಗತಿಯನ್ನು ಕಾಗದದ ಮೇಲೆಯೇ ತಿಳಿಸಬೇಕೆಂಬುದು ತಂದೆಯವರು ನಮಗೆಲ್ಲ ಕಲಿಸಿದ ಪಾಠ. ಕಾರ್ಡಿನಲ್ಲಿ ಮೂರೇ ಸಾಲು: ಎಲ್ಲರೂ ಬರತಕ್ಕದ್ದು, ಮೊಮ್ಮಗಳನ್ನು ಬಿಟ್ಟು ಬರಕೂಡದು, ಈ ಮನೆಯಲ್ಲಿ ಗೊಂಬೆ ಕೂರಿಸುವುದು ಇದೇ ಕೊನೆ. ಮನೆಯನ್ನು ಮಾರುವುದೆಂದು ನಾವು ಒಡಹುಟ್ಟಿದವರು ಮೂವರೂ ಒಪ್ಪಿ ರುಜು ಹಾಕಿ ಆಗಲೇ ನಾಲ್ಕು ತಿಂಗಳು ಕಳೆದಿದ್ದುವು. ತೊಲೆಗಳಿಗೆ ಗೆದ್ದಲು ಹತ್ತಿದೆ, ಅಕ್ಕನಿಗೆ ಎಪ್ಪತ್ತೆರಡು, ಮಗ ಬೆಂಗಳೂರಿಗೆ ಕರೆಯುತ್ತಿದ್ದಾನೆ. ಎಲ್ಲವೂ ತಿಳಿದದ್ದೇ. ಆದರೂ ಆ ಮೂರನೆಯ ಸಾಲನ್ನು ನಮ್ಮ ಮನೆಯವರು ಎರಡು ಸಲ ಓದಿ, ಕಾರ್ಡನ್ನು ದೇವರ ಗೂಡಿನಲ್ಲಿಟ್ಟು ಒಳಗೆ ಹೋದರು.

ಹಾಸನದಿಂದ ಮೈಸೂರಿಗೆ ರೈಲಿನಲ್ಲಿ ಸುಮಾರು ಮೂರು ಗಂಟೆಯ ಪ್ರಯಾಣ. ಬಸ್ಸುಗಳು ಬೇಕಾದಷ್ಟಿದ್ದರೂ ನಾವು ಈ ಹಾದಿಯನ್ನು ಬಿಟ್ಟಿಲ್ಲ. ಹೊಳೆನರಸೀಪುರ, ಅಕ್ಕಿಹೆಬ್ಬಾಳು, ಕೃಷ್ಣರಾಜನಗರ ಎಂದು ನಿಲ್ದಾಣಗಳು ಒಂದೊಂದಾಗಿ ಬರುತ್ತವೆ. ಹೇಮಾವತಿಯ ನೀರು ಕುಡಿದ ಗದ್ದೆಗಳು ಎರಡು ಕಡೆಗೂ ಹಾಸಿಕೊಂಡಿರುತ್ತವೆ. ಸಾಗರಕಟ್ಟೆಯ ಬಳಿ ಕೃಷ್ಣರಾಜಸಾಗರದ ಹಿನ್ನೀರು ಕಾಣಿಸಿಕೊಂಡಾಗ, ಗಾಡಿಯಲ್ಲಿ ತೂಕಡಿಸುತ್ತಿದ್ದವರೂ ಕಣ್ಣು ಬಿಟ್ಟು ಕೈಮುಗಿಯುತ್ತಾರೆ. 1911ರಲ್ಲಿ ಕೆಲಸ ತೊಡಗಿದ ಆ ಕಟ್ಟೆಯಿಂದ ಮುಳುಗಿದ ಊರುಗಳೆಷ್ಟೋ, ಬದುಕಿದ ಊರುಗಳೆಷ್ಟೋ. ನಮ್ಮ ಮೊಮ್ಮಗಳು ಒಂಬತ್ತು ವರ್ಷದವಳು, ಕಿಟಕಿಯ ಕಂಬಿಗೆ ಮುಖವನ್ನು ಒತ್ತಿಕೊಂಡು, "ತಾತ, ಇದು ಸಮುದ್ರವೇ?" ಎಂದು ಕೇಳಿದಳು. ಸಾಗರವೆಂದು ಹೆಸರಿಟ್ಟವರದೇ ತಪ್ಪಲ್ಲದೆ ಮಗುವಿನದಲ್ಲ.

ಮೈಸೂರಿನ ದಸರೆಯ ಚರಿತ್ರೆಯನ್ನು ವಾಚಕರಿಗೆ ವಿಸ್ತಾರವಾಗಿ ಹೇಳಬೇಕಾದುದಿಲ್ಲ. ವಿಜಯನಗರದ ಅರಸರ ಮಹಾನವಮಿಯನ್ನು ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ತೊಡಗಿಸಿದರು. ಅಲ್ಲಿಂದ ಅದು ಮೈಸೂರಿಗೆ ಬಂದಿತು. 1897ರಲ್ಲಿ ಮರದ ಅರಮನೆ ಮದುವೆಯ ಸಮಯದಲ್ಲಿ ಸುಟ್ಟುಹೋಗಿ, ಇಂದಿನ ಕಲ್ಲಿನ ಅರಮನೆ 1912ರಲ್ಲಿ ಮುಗಿಯಿತು. ಅಂಬಾರಿಯಲ್ಲಿ ಮಹಾರಾಜರು ಕುಳಿತು ಬರುತ್ತಿದ್ದುದನ್ನು ಅಕ್ಕ ಹುಡುಗಿಯಾಗಿದ್ದಾಗ ಕಂಡವಳು. ನಮಗೆ ಬುದ್ಧಿ ಬಲಿತ ಮೇಲೆ ಕಂಡ ಸವಾರಿಗಳಲ್ಲೆಲ್ಲ ಅಂಬಾರಿಯೊಳಗೆ ಚಾಮುಂಡೇಶ್ವರಿಯೇ ಬಿಜಯಮಾಡಿಸುತ್ತಿದ್ದಾಳೆ. ಆದರೆ ದಸರೆಯೆಂದರೆ ಸವಾರಿಯೊಂದೇ ಎಂದು ತಿಳಿದು ಹತ್ತನೆಯ ದಿನ ಬಂದು ಹನ್ನೊಂದನೆಯ ದಿನ ಹೋಗುವವರನ್ನು ಕಂಡರೆ ನಮಗೆ ಮರುಕವಾಗುತ್ತದೆ. ಹಬ್ಬವಿರುವುದು ಒಂಬತ್ತು ದಿನಗಳ ಓಣಿಗಳಲ್ಲಿ, ಮನೆಗಳ ನಡುಮನೆಗಳಲ್ಲಿ.

ನಾವು ಮುಟ್ಟುವ ಹೊತ್ತಿಗೆ ಅಕ್ಕ ಮೆಟ್ಟಿಲುಗಳನ್ನು ಕಟ್ಟಿಸಿ, ಬಿಳಿಯ ಪಂಚೆ ಹಾಸಿ, ಗೊಂಬೆಗಳ ಪೆಟ್ಟಿಗೆಯನ್ನು ಮಾತ್ರ ತೆಗೆಯದೆ ಕಾದಿದ್ದಳು. ಮೆಟ್ಟಿಲುಗಳ ಸಂಖ್ಯೆ ಬೆಸವಾಗಿರಬೇಕು, ನಮ್ಮಲ್ಲಿ ಏಳು. ಎಲ್ಲಕ್ಕೂ ಮೇಲೆ ಪಟ್ಟದ ಗೊಂಬೆಗಳು: ರಾಜ ಮತ್ತು ರಾಣಿ, ಮರದವು, ಅಡಿಯೆತ್ತರವೂ ಇಲ್ಲ. ಹೆಣ್ಣುಮಗಳನ್ನು ಧಾರೆಯೆರೆದು ಕೊಡುವಾಗ ಈ ಜೋಡಿಯನ್ನು ತವರಿನವರು ಕೊಡುವುದು ಮೈಸೂರು ಸೀಮೆಯ ಪದ್ಧತಿ. ನಮ್ಮ ತಾಯಿ ಇವನ್ನು ನಂಜನಗೂಡಿನಿಂದ ಮಡಿಲಲ್ಲಿಟ್ಟುಕೊಂಡು ಬಂದಳಂತೆ. ರಾಜನ ಮೂಗು ನಮ್ಮ ಬಾಲ್ಯದಲ್ಲಿಯೇ ಮೊಂಡಾಗಿತ್ತು. ಅದಕ್ಕೆ ಕಾರಣರಾದವರು ಯಾರೆಂಬುದು ಇಂದಿಗೂ ತೀರ್ಮಾನವಾಗದ ವ್ಯಾಜ್ಯ. ಕೆಳಗಿನ ಮೆಟ್ಟಿಲುಗಳಲ್ಲಿ ದಶಾವತಾರ, ಮದುವೆಯ ದಿಬ್ಬಣ, ವಾದ್ಯದವರು. ಕಟ್ಟಕಡೆಯಲ್ಲಿ ಬೇಳೆಕಾಳುಗಳ ಅಂಗಡಿಯನ್ನು ಹರಡಿಕೊಂಡು ಕುಳಿತ ಶೆಟ್ಟಿದಂಪತಿಗಳು. ವರ್ಷಕ್ಕೊಂದಾದರೂ ಹೊಸ ಗೊಂಬೆ ಸೇರಬೇಕೆಂಬ ನಿಯಮವಿರುವುದರಿಂದ, ಈ ಸಂಸಾರಕ್ಕೆ 1970ರ ಸುಮಾರಿನಲ್ಲಿ ಒಬ್ಬ ಪೋಲೀಸಿನವನೂ ಆಮೇಲೆ ಕ್ರಿಕೆಟ್ಟಿನ ಆಟಗಾರನೂ ಬಂದು ಸೇರಿದ್ದಾರೆ. ದಾಂಡು ಹಿಡಿದವನು ಬಲರಾಮನ ಪಕ್ಕದಲ್ಲಿ ನಿಂತಿರುವುದನ್ನು ಕಂಡು ತಂದೆಯವರು, ಅವನೂ ಹಲಾಯುಧನೇ ಇರಬಹುದು ಬಿಡು ಎಂದು ನಕ್ಕಿದ್ದರು. ನಗುವ ಸಮಯಗಳೂ ಅವರಿಗೆ ಇದ್ದುವು. ಮುಂದೆ ಹೇಳುವುದನ್ನು ಓದಿ ವಾಚಕರು ಅವರನ್ನು ಕಠಿನರೆಂದು ಭಾವಿಸಬಾರದೆಂದು ಇಲ್ಲಿಯೇ ಹೇಳಿಬಿಟ್ಟೆವು.

ಸಂಜೆ ದೀಪ ಹಚ್ಚುತ್ತಲೂ ಓಣಿಯ ಮಕ್ಕಳು, "ಗೊಂಬೆ ಕೂರಿಸಿದೀರಾ?" ಎಂದು ಬಾಗಿಲಿಗೆ ಬರುವರು, ಹಾಡೊಂದನ್ನು ಹೇಳಿಸಿ, ಆರತಿ ಮಾಡಿ, ಗೊಂಬೆ ಬಾಗಿನವೆಂದು ಉಸಲಿಯನ್ನೋ ಕೊಬ್ಬರಿಸಕ್ಕರೆಯನ್ನೋ ಕೊಡಬೇಕು. ಹಿಂದೆ ಮೂವತ್ತು ನಾಲ್ವತ್ತು ಮಕ್ಕಳು ಬರುತ್ತಿದ್ದ ಮನೆಗೆ ಈ ಸಲ ಬಂದವರು ಆರೇಳು ಮಂದಿ. ಅಕ್ಕ ಮಾತ್ರ ಮೂವತ್ತು ಮಕ್ಕಳಿಗಾಗುವಷ್ಟು ಕಡಲೆಯನ್ನೇ ನೆನೆಸುತ್ತಾಳೆ. ಉಳಿದದ್ದನ್ನು ನಾವು ತಿಂದೆವು.

ನಾಲ್ಕನೆಯ ದಿನ ಮೊಮ್ಮಗಳನ್ನು ಕರೆದುಕೊಂಡು ಪ್ರಾಚ್ಯವಿದ್ಯಾ ಸಂಶೋಧನಾಲಯಕ್ಕೆ ಹೋದೆವು. ಮೈಸೂರಿಗೆ ಬರುವ ಲಕ್ಷಾಂತರ ಜನರಲ್ಲಿ ಅದರ ಮೆಟ್ಟಿಲನ್ನು ಹತ್ತುವವರು ಎಷ್ಟು ಮಂದಿಯೋ! 1891ರಲ್ಲಿ ತೆರೆದ ಈ ಗ್ರಂಥಾಲಯ 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯಕ್ಕೆ ಸೇರಿತು. ಹೆಸರು ಮಾತ್ರ ತಿಳಿದಿದ್ದು, ಬೇರೆ ಗ್ರಂಥಗಳಲ್ಲಿ ಉದಾಹರಿಸಿದ ವಾಕ್ಯಗಳಷ್ಟೇ ಉಳಿದಿದ್ದ ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿಯ ಪ್ರತಿಯನ್ನು ತಂಜಾವೂರು ಸೀಮೆಯ ಪಂಡಿತರೊಬ್ಬರು ಇಲ್ಲಿಗೆ ತಂದುಕೊಟ್ಟರು. ರುದ್ರಪಟ್ಟಣದ ಶಾಮಶಾಸ್ತ್ರಿಗಳು ಗ್ರಂಥಲಿಪಿಯಲ್ಲಿದ್ದ ಆ ಗರಿಗಳನ್ನು ಓದಿ, ಇದೇನೆಂಬುದನ್ನು 1905ರಲ್ಲಿ ಗುರುತಿಸಿ, 1909ರಲ್ಲಿ ಅಚ್ಚು ಹಾಕಿಸಿದರು. ಇಂಗ್ಲಿಷ್ ಅನುವಾದ 1915ರಲ್ಲಿ ಹೊರಬಂದಿತು. ಭಾರತದ ಪ್ರಾಚೀನ ರಾಜನೀತಿಯ ವಿಷಯದಲ್ಲಿ ಲೋಕವೆಲ್ಲ ಇಟ್ಟುಕೊಂಡಿದ್ದ ಅಭಿಪ್ರಾಯ ಆ ಒಂದು ಕಟ್ಟಿನಿಂದ ಬದಲಾಯಿತು. ಗರಿಗಳಿಗೆ ಮಜ್ಜಿಗೆಹುಲ್ಲಿನ ಎಣ್ಣೆಯನ್ನು ಸವರಿ ಕಾಪಾಡುತ್ತಾರೆ. ಆ ಕಟ್ಟಡದ ಪರಿಮಳವೇ ಬೇರೆ. ಮೊಮ್ಮಗಳು ಮೂಗರಳಿಸಿ, "ಪುಸ್ತಕಕ್ಕೆ ಎಣ್ಣೆಸ್ನಾನವೇ!" ಎಂದಳು. ನರಕಚತುರ್ದಶಿಯ ದಿನ ಅವಳು ಎಣ್ಣೆ ಒತ್ತಿಸಿಕೊಳ್ಳಲು ಮಾಡುವ ರಂಪವನ್ನು ನೆನೆದು, ಪುಸ್ತಕಗಳಾದರೆ ಸುಮ್ಮನೆ ಕುಳಿತಿರುತ್ತವೆ ಎಂದೆವು.

ಆ ಮನೆಯಲ್ಲಿ ನಮಗೂ ಒಂದು ಹಳೆಯ ಲೆಕ್ಕವಿದೆ. ಅದು ಮುಂದೆ ಬರುತ್ತದೆ.

ಮೂಲಾ ನಕ್ಷತ್ರದಂದು ಸರಸ್ವತಿಯ ಆವಾಹನೆ. ತಂದೆಯವರ ಕಾಲದ ಅಮರಕೋಶ, ಸಿದ್ಧಾಂತಕೌಮುದಿ, ಹುಳು ಹತ್ತಿದ ಒಂದೆರಡು ತಾಳೆಗರಿಯ ಕಟ್ಟುಗಳು, ಅಕ್ಕನ ವೀಣೆ, ಮಗುವಿನ ಪಾಠಪುಸ್ತಕಗಳು, ಎಲ್ಲವೂ ಮಂಟಪಕ್ಕೇರಿದುವು. ಶ್ರವಣದಲ್ಲಿ ವಿಸರ್ಜನೆಯಾಗುವವರೆಗೆ ಓದಕೂಡದು, ಬರೆಯಕೂಡದು. ಮೊಮ್ಮಗಳು ಸಂತೋಷದ ಭರದಲ್ಲಿ, ತನ್ನ ಪುಸ್ತಕಗಳು ಇದರಲ್ಲಿಯೂ ಇವೆಯೆಂದು ಅವಳ ಅಜ್ಜಿಯ ಮೊಬೈಲನ್ನೂ ತಂದು ರಾಶಿಯ ಮೇಲೆ ಇಟ್ಟುಬಿಟ್ಟಳು. ಪೂಜೆಯಾದ ಗಳಿಗೆಯಲ್ಲಿಯೇ ಅದು ದೇವಿಯ ಮುಂದೆ ಕೂಗತೊಡಗಿತು. ಮುಟ್ಟುವುದೋ ಬಿಡುವುದೋ ಎಂಬ ಧರ್ಮಸಂಕಟಕ್ಕೆ ನಮ್ಮಿಂದ ಶಾಸ್ತ್ರ ಕೇಳಿದರು. ನಿರ್ಣಯಸಿಂಧುವಿನಲ್ಲಿ ಇದಕ್ಕೆ ವಿಧಿಯಿಲ್ಲವೆಂದೆವು. ಕಡೆಗೆ ಅಕ್ಕನೇ, "ಮಗನ ಫೋನಿರಬಹುದು, ತೆಗೆದುಕೊಳ್ಳಮ್ಮಾ, ಸರಸ್ವತಿಯೂ ಮಕ್ಕಳೊಂದಿಗಳೇ" ಎಂದು ತೀರ್ಪು ಕೊಟ್ಟಳು. ಸರಸ್ವತಿಗೆ ಮಕ್ಕಳಿದ್ದಾರೆಯೇ ಎಂಬ ಚರ್ಚೆಯನ್ನು ನಾವು ಎತ್ತಲಿಲ್ಲ.

ವೀಣೆಯನ್ನು ಮಂಟಪಕ್ಕೆ ಏರಿಸುವ ಹಿಂದಿನ ರಾತ್ರಿ ಅಕ್ಕ ನುಡಿಸುವುದು ವಾಡಿಕೆ. ಅವಳ ಗುರುಗಳು ವೀಣೆ ಶೇಷಣ್ಣನವರ ಶಿಷ್ಯಪರಂಪರೆಯವರು. ಶೇಷಣ್ಣನವರು ಹುಟ್ಟಿದ್ದು 1852ರಲ್ಲಿ, ತೀರಿಕೊಂಡದ್ದು 1926ರಲ್ಲಿ. ಮೈಸೂರಿನಲ್ಲಿ ವೀಣೆಯನ್ನು ಮುಟ್ಟಿದವರೆಲ್ಲ ಒಂದಲ್ಲ ಒಂದು ದಾರಿಯಿಂದ ಅವರ ಮನೆಯ ಬಾಗಿಲಿಗೆ ಹೋಗಿ ಮುಟ್ಟುತ್ತಾರೆ. ನವರಾತ್ರಿಯೆಂದರೆ ಈ ಊರಿನಲ್ಲಿ ಸಂಗೀತಕ್ಕೂ ಆಶ್ವಯುಜವೇ. ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನದಲ್ಲಿದ್ದ ಮುತ್ತಯ್ಯ ಭಾಗವತರು ಚಾಮುಂಡೇಶ್ವರಿಯ ಮೇಲೆ ಕನ್ನಡದಲ್ಲಿಯೇ 108 ಕೃತಿಗಳನ್ನು ರಚಿಸಿದರು. ಜಯಚಾಮರಾಜ ಒಡೆಯರು ತಾವೇ 94 ಕೃತಿಗಳನ್ನು ಸಂಸ್ಕೃತದಲ್ಲಿ ರಚಿಸಿದರು. ಬಿಡಾರಂ ಕೃಷ್ಣಪ್ಪನವರು ಕಟ್ಟಿಸಿದ ರಾಮಮಂದಿರ, ಅವರ ಶಿಷ್ಯರಾದ ಚೌಡಯ್ಯನವರ ಏಳು ತಂತಿಯ ಪಿಟೀಲು, ಇವುಗಳ ಕಥೆಯನ್ನು ಹಿರಿಯರ ಬಾಯಲ್ಲಿ ಕೇಳಿಯೇ ನಾವು ಬೆಳೆದದ್ದು. ಈಗಲೂ ಅರಮನೆಯ ಮುಂದೆ ಸಂಜೆಗಳಲ್ಲಿ ಕಚೇರಿ ನಡೆಯುತ್ತದೆ. ಒಂದು ಲಕ್ಷಕ್ಕೆ ಸಮೀಪವಾದಷ್ಟು ದೀಪಗಳು ಒಮ್ಮೆಗೇ ಹೊತ್ತಿಕೊಂಡಾಗ ಹಾಡುತ್ತಿರುವವರೂ ಒಂದು ಕ್ಷಣ ತಲೆಯೆತ್ತಿ ನೋಡುತ್ತಾರೆ. ಒಂದು ದಿನ ಹೋಗಿ ಕುಳಿತೆವು. ಧ್ವನಿವರ್ಧಕದ ಆರ್ಭಟದಲ್ಲಿ ತಂಬೂರಿಯು ಅನುಮಾನಪ್ರಮಾಣದಿಂದ ಮಾತ್ರ ತಿಳಿಯಬೇಕಾಗಿದ್ದಿತು. ಅಕ್ಕನ ವೀಣೆಗೆ ಆ ಬಾಧೆಯಿಲ್ಲ. ಅವಳ ಎಡಗೈಯ ಬೆರಳುಗಳು ಈಗ ಬಾಗುವುದಿಲ್ಲ. ಮೀಟು ಮಾತ್ರ ಹಿಂದಿನಷ್ಟೇ ನಿಚ್ಚಳ. ಕಲ್ಯಾಣಿಯನ್ನು ತೊಡಗಿ, ಅನುಪಲ್ಲವಿಯಲ್ಲಿ ಒಂದು ಕಡೆ ನಿಂತು, ಬೆರಳನ್ನು ಸೆರಗಿನಲ್ಲಿ ಒರೆಸಿಕೊಂಡು, "ಇಷ್ಟೇ ಕಣೋ ಇವತ್ತಿಗೆ" ಎಂದು ವೀಣೆಯನ್ನು ಮಲಗಿಸಿದಳು. ಜಗಲಿಯ ಕತ್ತಲೆಯಲ್ಲಿ ಕುಳಿತಿದ್ದ ನಮ್ಮ ತಮ್ಮ ಆಗ ಎದ್ದು ಹೊರಟ. ಅವನು ಎಷ್ಟು ಹೊತ್ತಿನಿಂದ ಅಲ್ಲಿದ್ದನೋ ನಮಗೆ ತಿಳಿಯದು.

ತಮ್ಮನ ವಿಚಾರವನ್ನು ಹೇಳದಿದ್ದರೆ ಈ ಪ್ರವಾಸದ ವೃತ್ತಾಂತವೇ ಸುಳ್ಳಾಗುತ್ತದೆ.

ನಮ್ಮ ತಮ್ಮ ನಮಗಿಂತ ಮೂರು ವರ್ಷಕ್ಕೆ ಚಿಕ್ಕವನು. ನಾವು ಶಬ್ದಮಂಜರಿಯನ್ನು ಬಾಯಿಪಾಠ ಮಾಡುತ್ತಿದ್ದಾಗ ಅವನು ಕೋಟೆಯ ಆಚೆಯ ಒಂದು ಗರಡಿಯ ಕಿಟಕಿಯಲ್ಲಿ ತೂಗಾಡುತ್ತಿದ್ದನು. ಮೈಸೂರು ಗರಡಿಗಳ ಊರು. ದಸರೆಯ ಕುಸ್ತಿಯೆಂದರೆ ಹಳ್ಳಿಹಳ್ಳಿಗಳಿಂದ ಪೈಲ್ವಾನರು ಬಂದು ಜೋಡಿ ಕಟ್ಟಿಸಿಕೊಳ್ಳುತ್ತಾರೆ. ದೊಡ್ಡಕೆರೆಯ ಮೈದಾನದ ಅಖಾಡದಲ್ಲಿ ತಮಟೆಯ ಸದ್ದೆದ್ದರೆ ಅಗ್ರಹಾರದವರೆಗೂ ಕೇಳುವಂತಿದ್ದಿತೆಂದು ಅವನು ಹೇಳುವುದುಂಟು. ನಮಗೆಂದೂ ಕೇಳಿಸಲಿಲ್ಲ, ಕೇಳುವ ಕಿವಿ ಬೇಕು. ಹದಿನೆಂಟನೆಯ ವಯಸ್ಸಿಗೆ ಅವನು ಪಾಠಶಾಲೆಯನ್ನು ಬಿಟ್ಟು ಉಸ್ತಾದರ ಕಾಲಿಗೆ ಬಿದ್ದನು. ವೈದಿಕರ ಮನೆಯ ಹುಡುಗನು ಲಂಗೋಟಿ ಬಿಗಿದು ಮಟ್ಟಿಯ ಮಣ್ಣಿನಲ್ಲಿ ಹೊರಳುವುದನ್ನು ಕುರಿತು ಓಣಿಯವರು ಆಡಿದ ಮಾತುಗಳು ತಂದೆಯವರ ಕಿವಿಗೆ ಬೀಳದೆ ಇರಲಿಲ್ಲ.

1986ರ ಮಹಾನವಮಿ. ಆಯುಧಪೂಜೆಯ ದಿನ. ಅರಮನೆಯಲ್ಲಿ ಪಟ್ಟದ ಕತ್ತಿಗೆ, ಆನೆಕುದುರೆಗಳಿಗೆ ಪೂಜೆಯಾಗುವ ಹೊತ್ತಿನಲ್ಲಿ ನಮ್ಮ ಮನೆಯಲ್ಲಿ ಪಂಚಾಂಗಕ್ಕೂ ಕತ್ತರಿಗೂ ಈಳಿಗೆಮಣೆಗೂ ಕುಂಕುಮ ಏರುತ್ತಿದ್ದಿತು. ತಮ್ಮನು ತನ್ನ ಗದೆಯನ್ನು ತೊಳೆದು, ವಿಭೂತಿ ಬಳಿದು ತಂದು, ಸರಸ್ವತಿಯ ಮಂಟಪಕ್ಕೆ ಒರಗಿಸಿ ನಿಲ್ಲಿಸಿದನು. ತಂದೆಯವರು ಅವನನ್ನು ನೋಡಲಿಲ್ಲ. ನಮ್ಮ ಕಡೆಗೆ ತಿರುಗಿ, "ಅದನ್ನು ಹೊರಗಿಡು" ಎಂದರು. ನಾವು ಆಗ ಇಪ್ಪತ್ತೊಂದು ವರ್ಷದವರು, ಪರೀಕ್ಷೆಗಳಲ್ಲಿ ಮೊದಲಿಗರು, ತಂದೆಯವರ ಮಾತಿಗೆ ಎರಡಾಡದವರೆಂದು ಹೆಸರು ಪಡೆದವರು. ಗದೆಯನ್ನು ಎತ್ತಿ ಜಗಲಿಯ ಮೇಲಿಟ್ಟು ಬಂದೆವು. ಅದು ನಾವು ಎಣಿಸಿದ್ದಕ್ಕಿಂತ ಬಹಳ ಭಾರವಾಗಿದ್ದಿತು. ತಮ್ಮನು ಹೊರಗೆ ಬಂದು, ನಮ್ಮ ಮುಖವನ್ನು ಒಮ್ಮೆ ನೋಡಿ, ಅದನ್ನು ಹೆಗಲಿಗೇರಿಸಿಕೊಂಡು ಹೋದನು. ತಂದೆಯವರು ಬದುಕಿರುವವರೆಗೆ ಅವನು ಆ ಮನೆಯಲ್ಲಿ ಮಲಗಲಿಲ್ಲ. 1994ರಲ್ಲಿ ಅವರು ತೀರಿಕೊಂಡಾಗ ಬಂದು ಹೆಗಲು ಕೊಟ್ಟನು. ಹದಿಮೂರು ದಿನವೂ ಇದ್ದನು. ಯಾವ ಮಾತನ್ನೂ ಎತ್ತಲಿಲ್ಲ. ಆಮೇಲೆ ಪ್ರತಿ ನವರಾತ್ರಿಗೂ ಬರುತ್ತಾನೆ, ಊಟಮಾಡುತ್ತಾನೆ, ಗದೆಯನ್ನು ಮಾತ್ರ ತರುವುದಿಲ್ಲ.

ಈಗ ಲೆಕ್ಕದ ಮಾತು. 1990ರಲ್ಲಿ ನಾವು ಯಾವುದೋ ಶಬ್ದದ ಅರ್ಥವನ್ನು ಹುಡುಕಿಕೊಂಡು ಪ್ರಾಚ್ಯಗ್ರಂಥಾಲಯದಲ್ಲಿ ಕುಳಿತಿದ್ದಾಗ ಮಾನಸೋಲ್ಲಾಸವು ಕೈಗೆ ಬಂದಿತು. ಕಲ್ಯಾಣದ ಚಾಲುಕ್ಯರ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ಬರೆದ ಗ್ರಂಥ. ನಮ್ಮ ನಾಡಿನ ಅರಸನೇ ಬರೆದದ್ದು. ಅದರಲ್ಲಿ ಮಲ್ಲವಿನೋದವೆಂದು ಒಂದು ಪ್ರಕರಣವೇ ಇದೆ. ಮಲ್ಲರಲ್ಲಿ ವಯಸ್ಸು, ಮೈಕಟ್ಟು, ಬಲ ಇವುಗಳಿಂದ ಆಗುವ ಭೇದಗಳು, ಅವರು ಮಾಡಬೇಕಾದ ಸಾಮು, ಅರಸನು ಅವರಿಗೆ ಕೊಡಬೇಕಾದ ಬೇಳೆ ಹಾಲು ಮಾಂಸ ಭಕ್ಷ್ಯಗಳು, ಎಲ್ಲವನ್ನೂ ಶ್ಲೋಕಗಳಲ್ಲಿ ಕ್ರಮವಾಗಿ ಹೇಳಿದ್ದಾನೆ. ಮೊದಲ ತರಗತಿಯ ಮಲ್ಲನಿಗೆ ಜ್ಯೇಷ್ಠಿಯೆಂದು ಹೆಸರು. ಮೈಸೂರಿನ ಜಟ್ಟಿಗಳ ಹೆಸರು ಅಲ್ಲಿಂದಲೇ ಬಂದುದೆಂದು ಪಂಡಿತರು ಹೇಳುವರು. ಇದು ಶಾಸ್ತ್ರವಲ್ಲವೆಂದು ತಂದೆಯವರು ತಳ್ಳಿದ ವಿದ್ಯೆಗೆ ಶಾಸ್ತ್ರವಿದ್ದಿತು, ಅದೂ ಸಂಸ್ಕೃತದಲ್ಲಿ! ಆ ಶ್ಲೋಕಗಳನ್ನೆಲ್ಲ ಒಂದು ನೋಟುಪುಸ್ತಕದಲ್ಲಿ ಬರೆದುಕೊಂಡೆವು. ಆ ಸಂಜೆಯೇ ತಂದೆಯವರಿಗೆ ಓದಿಹೇಳಬೇಕೆಂದು ಅಗ್ರಹಾರಕ್ಕೆ ನಡೆದೆವು. ಅವರು ಸಂಧ್ಯಾವಂದನೆಯಲ್ಲಿದ್ದರು. ಮುಗಿದ ಮೇಲೆ ಹೇಳೋಣವೆಂದುಕೊಂಡೆವು, ಊಟವಾದ ಮೇಲೆ ಹೇಳೋಣವೆಂದುಕೊಂಡೆವು, ನಾಳೆ ಹೇಳೋಣವೆಂದುಕೊಂಡೆವು. ಮುಂದೆ ಅವರು ನಾಲ್ಕು ವರ್ಷ ಬದುಕಿದ್ದರು. ಅವರಾದರೂ ವಿರಾಟಪರ್ವವನ್ನು ಎಷ್ಟು ಸಲ ಪ್ರವಚನ ಮಾಡಿದ್ದರೋ. ಅಡಿಗೆಯ ವಲಲನ ವೇಷದಲ್ಲಿದ್ದ ಭೀಮನು ಜೀಮೂತನೆಂಬ ಮಲ್ಲನನ್ನು ಕೆಡಹುವ ಕಡೆ ಅವರ ದನಿಯೇ ಬೇರೆಯಾಗುತ್ತಿದ್ದಿತು. ನಾವು ಬಾಯಿ ತೆರೆದಿದ್ದರೆ ಅವರು ಒಪ್ಪುತ್ತಿದ್ದರೆಂದೇ ನಮಗೆ ಈಗ ತೋರುತ್ತದೆ. ಒಪ್ಪದಿದ್ದರೂ ತಮ್ಮನಿಗೆ, ಅಣ್ಣ ನನ್ನ ಪರವಾಗಿ ವಾದಿಸಿದನೆಂಬುದಾದರೂ ಉಳಿಯುತ್ತಿದ್ದಿತು.

ಈ ವರ್ಷ ಆ ನೋಟುಪುಸ್ತಕವನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಬಂದಿದ್ದೆವು. ಸಪ್ತಮಿಯ ಬೆಳಗಿನಲ್ಲಿ ಗರಡಿಗೆ ಹೋದೆವು. ಮೊಮ್ಮಗಳೂ ಜೊತೆಯಲ್ಲಿ ಹೊರಟಳು. ಗರಡಿಯ ಬಾಗಿಲು ಗಿಡ್ಡ. ಎಂಥಾ ಪೈಲ್ವಾನನಾದರೂ ತಲೆ ತಗ್ಗಿಸಿಯೇ ಒಳಹೊಗಬೇಕು. ಒಳಗೆ ಆಂಜನೇಯನ ಪಟ, ಗೋಡೆಗೆ ಒರಗಿದ ಗದೆಗಳು, ನಡುವೆ ಮಟ್ಟಿ. ಅದರ ಕೆಮ್ಮಣ್ಣಿಗೆ ಎಣ್ಣೆ, ತುಪ್ಪ, ಅರಿಸಿನ, ಕುಂಕುಮಗಳನ್ನು ಬೆರಸಿ ಹದಮಾಡಿರುತ್ತಾರೆ. ಮೊಮ್ಮಗಳು ಹೊಸ್ತಿಲಲ್ಲಿ ನಿಂತು, ತಾನು ಬರಬಹುದೇ ಎಂದು ಕೇಳಿದಳು. ಹಿಂದಿನ ಕಟ್ಟಳೆಯಂತೆ ಹೆಂಗಸರು ಗರಡಿಯೊಳಗೆ ಕಾಲಿಡುವಂತಿಲ್ಲ. ತಮ್ಮನು ಈಗ ಅಲ್ಲಿನ ಉಸ್ತಾದ, ಎರಡು ಕ್ಷಣ ಯೋಚಿಸಿ, "ದಸರಾ ಕುಸ್ತೀಲಿ ಹೆಣ್ಣುಮಕ್ಕಳೇ ಚಿನ್ನ ಗೆಲ್ತಿದಾರೆ. ಬಾ ಕೂಸೆ, ಚಪ್ಪಲಿ ಹೊರಗಿಡು; ಮಟ್ಟಿಗೆ ಮಾತ್ರ ಕಾಲಿಡಬೇಡ" ಎಂದನು. ಹನ್ನೆರಡು ಹದಿಮೂರರ ಹುಡುಗರು ಜೋಡಿಯಾಗಿ ಸೆಣಸುತ್ತಿದ್ದರು. ಒಬ್ಬನು ಮತ್ತೊಬ್ಬನ ಪಟ್ಟಿನಿಂದ ಜಾರಿ ಹಿಂದಕ್ಕೆ ಬಂದು, ಕಣ್ಣು ಮಿಟುಕಿಸುವಷ್ಟರಲ್ಲಿ ಅವನನ್ನು ಚಿತ್ತಾಗಿ ಕೆಡಹಿದನು. ಕೆಳಗೆ ಬಿದ್ದವನಿಗೆ ತಮ್ಮನು ಕಾಲನ್ನು ಎಲ್ಲಿ ಇಟ್ಟಿರಬೇಕಾಗಿತ್ತೆಂಬುದನ್ನು ತೋರಿಸಿಕೊಟ್ಟ ರೀತಿಯನ್ನು ನಾವು ನೋಡಿದೆವು. ಮೂವತ್ತೈದು ವರ್ಷ ಪಾಠ ಹೇಳಿದ ನಮಗೆ ಪಾಠ ಹೇಳುವವರನ್ನು ಕಂಡರೆ ಗುರುತು ಸಿಕ್ಕುತ್ತದೆ. ಆ ಕುಳ್ಳು ನಿಲುವು, ಬೈಯದೆ ತಿದ್ದುವ ಆ ಸಹನೆ, ತಪ್ಪನ್ನು ಎರಡನೆಯ ಸಲ ಮಾಡಿಸಿ ಅದು ತಪ್ಪೆಂದು ಶಿಷ್ಯನಿಗೇ ತಿಳಿಯುವಂತೆ ಮಾಡುವುದು, ಎಲ್ಲವೂ ತಂದೆಯವರದೇ. ನಮಗೆ ಅವರ ಪುಸ್ತಕಗಳು ಬಂದುವು. ಇದು ಅವನಿಗೆ ಹೋಯಿತು.

ಹುಡುಗರೆಲ್ಲ ಮೈ ತೊಳೆಯಲು ಹೋದ ಮೇಲೆ ನೋಟುಪುಸ್ತಕವನ್ನು ತೆಗೆದು ಮಲ್ಲವಿನೋದದ ಅರ್ಥವನ್ನು ಹೇಳಿದೆವು. 1990ರ ಸಂಗತಿಯನ್ನೂ, ಅಂದಿನ ನಮ್ಮ ಮೌನವನ್ನೂ ಮುಚ್ಚದೆ ಹೇಳಿದೆವು. ತಮ್ಮನು ತೊಡೆಯ ಮೇಲೆ ಕೈಯಿಟ್ಟುಕೊಂಡು ಎಲ್ಲವನ್ನೂ ಕೇಳಿದನು. ಬಹಳ ಹೊತ್ತು ಸುಮ್ಮನಿದ್ದು, "ಅಣ್ಣಯ್ಯ, ಹಾಲು, ಬೇಳೆ, ಭಕ್ಷ್ಯ ಎಲ್ಲ ಆ ರಾಜ ತಾನೇ ಕೊಡ್ತಿದ್ದನೇ?" ಎಂದನು.

"ಕೊಡಬೇಕೆಂದು ಬರೆದಿದ್ದಾನೆ."

"ಒಳ್ಳೇ ರಾಜ. ಈ ಹುಡುಗರ ಬಾದಾಮಿಗೆ ನಾನು ಮನೆಮನೆ ತಿರುಗಬೇಕು."

ಅಷ್ಟೇ. ನೋಟುಪುಸ್ತಕವನ್ನು ಕೇಳಿ ಇಸಿದುಕೊಂಡು ಆಂಜನೇಯನ ಪಟದ ಹಿಂದೆ ಸೇರಿಸಿದನು.

ಮಹಾನವಮಿಯ ಬೆಳಗ್ಗೆ ಅವನು ಬಂದಾಗ ಗದೆ ಜಗಲಿಯ ಮೇಲಿದ್ದಿತು. ತಂದನೆಂದು ಅವನು ಹೇಳಲಿಲ್ಲ. ತಂದೆಯಾ ಎಂದು ಯಾರೂ ಕೇಳಲಿಲ್ಲ. ಅಕ್ಕ ಮಾತ್ರ ನಮ್ಮನ್ನು ನೋಡಿದಳು. ನಾವು ಹೋಗಿ ಎತ್ತಿದೆವು. ಅಂದರೆ, ಎತ್ತಲು ಹೋದೆವು. "ಅಣ್ಣಯ್ಯ, ಹಾಗೆ ಬಗ್ಗಬೇಡ, ಸೊಂಟ ಹಿಡ್ಕೊಳ್ಳತ್ತೆ! ಮಂಡಿ ಮಡಿಸು, ಮೈಗೆ ಒತ್ತಿಕೋ" ಎಂದು ಅವನು ಕೂಗಿಕೊಂಡನು. ಅವನು ಹೇಳಿದಂತೆ ಮಂಡಿ ಮಡಿಸಿ, ಮೈಗೆ ಒತ್ತಿಕೊಂಡು, ನಡುಮನೆಯವರೆಗೂ ಹೊತ್ತುತಂದು, ಸಿದ್ಧಾಂತಕೌಮುದಿಯ ಪಕ್ಕದಲ್ಲಿ ನಿಲ್ಲಿಸಿದೆವು. ಅಕ್ಕ ಕುಂಕುಮವಿಟ್ಟಳು. ಮೊಮ್ಮಗಳು ತನ್ನ ಚೆಂಡಾಟದ ರಾಕೆಟ್ಟನ್ನೂ ತಂದು ಅದರ ಪಕ್ಕದಲ್ಲಿಟ್ಟಳು. ಈ ಮನೆಯಲ್ಲಿ ಯಾರು ಏನನ್ನು ಇಟ್ಟರೂ ಪೂಜೆಯಾಗುತ್ತದೆಂಬ ನಂಬಿಕೆ ಅವಳಲ್ಲಿ ಆಗಲೇ ಬೇರೂರಿದ್ದಿತು. ನಮ್ಮ ಸೊಂಟ ಮೂರು ದಿನ ಹಿಡಿದೇ ಇದ್ದಿತೆಂಬುದನ್ನು ಗುಟ್ಟಾಗಿ ಇಟ್ಟೆವು.

ವಿಜಯದಶಮಿಯ ದಿನ ಅರಮನೆಯ ತೊಟ್ಟಿಯಲ್ಲಿ ಜಟ್ಟಿಗಳ ವಜ್ರಮುಷ್ಟಿಕಾಳಗ ನಡೆಯುವುದನ್ನು ವಾಚಕರು ಕೇಳಿರಬಹುದು. ತಲೆ ಬೋಳಿಸಿಕೊಂಡ ಜಟ್ಟಿಗಳು ಮೊನಚಾದ ಹಿಡಿಯಾಯುಧವನ್ನು ಬೆರಳಿಗೆ ಸೇರಿಸಿಕೊಂಡು ಹೋರುವರು. ಯಾರ ತಲೆಯಿಂದಲಾದರೂ ಒಂದು ತೊಟ್ಟು ರಕ್ತ ಬಂದೊಡನೆ ಕಾಳಗ ನಿಲ್ಲುತ್ತದೆ. ನೋಡಲು ಎಲ್ಲರಿಗೂ ಪ್ರವೇಶವಿಲ್ಲ. ತಮ್ಮನ ದಯದಿಂದ ನಾವು ಹಿಂದೊಮ್ಮೆ ನೋಡಿದ್ದೆವು. ಎರಡನೆಯ ಸಲ ನೋಡುವ ಆಸೆಯಿಲ್ಲ. ಈ ಸಲ ಸವಾರಿಗೆ ಹೋದೆವು. ಸುಮಾರು 750 ಕಿಲೋಗ್ರಾಂ ತೂಗುವ ಅಂಬಾರಿಯನ್ನು ಹೊತ್ತು ಆನೆಯು ಅರಮನೆಯಿಂದ ಬನ್ನಿಮಂಟಪದವರೆಗೆ ಐದು ಕಿಲೋಮೀಟರಿನಷ್ಟು ನಡೆಯಬೇಕು. 2012ರಿಂದ 2019ರವರೆಗೆ ಅದನ್ನು ಹೊತ್ತವನು ಅರ್ಜುನ. 2020ರಲ್ಲಿ ಆ ಭಾರ ಅಭಿಮನ್ಯುವಿಗೆ ಬಂದಿತು. ಅರ್ಜುನನು 2023ರ ಡಿಸೆಂಬರಿನಲ್ಲಿ ನಮ್ಮ ಸಕಲೇಶಪುರದ ಕಡೆಯ ಕಾಡಿನಲ್ಲಿ ಕಾಡಾನೆಯೊಡನೆ ಕಾದಿ ಮಡಿದಾಗ, ನಮ್ಮ ಊರಿನಲ್ಲಿ ಸ್ವಂತದವರನ್ನು ಕಳೆದುಕೊಂಡಂತೆ ಜನ ಅತ್ತರು. ಅಂಬಾರಿ ಹಾದುಹೋಗುವಾಗ ಮೊಮ್ಮಗಳು ತಮ್ಮನ ಹೆಗಲ ಮೇಲೆ ಕುಳಿತಿದ್ದಳು. ಪಕ್ಕದಲ್ಲಿದ್ದವರೆಲ್ಲ ದೇವಿಗೆ ಕೈಮುಗಿದರೆ ತಮ್ಮನು ಆನೆಯ ಕಾಲುಗಳನ್ನೇ ನೋಡುತ್ತಿದ್ದನು. ಏನು ನೋಡುತ್ತೀಯೆಂದು ಕೇಳಿದುದಕ್ಕೆ, "ಹೆಜ್ಜೆ ನೋಡು, ಭಾರ ಎಲ್ಲ ಎಲ್ಲಿ ಇಳಿಸ್ತಾನೆ" ಎಂದನು.

ರಾತ್ರಿ ಬನ್ನಿಯನ್ನು ಹಂಚಿಕೊಂಡು, ಹಿರಿಯರಿಗೆ ನಮಸ್ಕಾರಮಾಡಿದ ಮೇಲೆ ಅಕ್ಕ ರಾಜರಾಣಿಯರನ್ನು ಮೆಟ್ಟಿಲ ಮೇಲೆಯೇ ಮಲಗಿಸಿದಳು. ಮಾರನೆಯ ದಿನ ಗೊಂಬೆಗಳನ್ನು ಹಳೆಯ ಸೀರೆಗಳ ಚೂರುಗಳಲ್ಲಿ ಸುತ್ತಿ ಹಂಚುವ ಕೆಲಸ. ಪಟ್ಟದ ಗೊಂಬೆಗಳು ನಮ್ಮ ಮೊಮ್ಮಗಳಿಗೆಂದು ನಮ್ಮ ಮನೆಯವರು ಮನಸ್ಸಿನಲ್ಲಿಯೇ ಜಾಗ ಕಟ್ಟಿಕೊಂಡಿದ್ದರೆಂದು ಕಾಣುತ್ತದೆ. ಅಕ್ಕ ಅವನ್ನು ತಮ್ಮನ ಮಗಳ ಮಡಿಲಿಗೆ ಹಾಕಿದಳು. ಬರುವ ಮಾಘದಲ್ಲಿ ಆ ಹುಡುಗಿಗೆ ಮದುವೆ. "ನಿಮ್ಮಪ್ಪ ಈ ಮನೆಯಿಂದ ಏನೂ ತೆಗೆದುಕೊಂಡು ಹೋಗಿಲ್ಲ ಕಣೇ" ಎಂದಷ್ಟೇ ಹೇಳಿದಳು. ತಮ್ಮನು ಎದ್ದು ಹಿತ್ತಲಿಗೆ ಹೋದನು. ನಮ್ಮ ಮನೆಯವರ ಮುಖ ಒಂದು ಗಳಿಗೆ ಸಣ್ಣದಾದುದನ್ನು ನಾವು ಕಂಡೆವು. ಆಮೇಲೆ ಅವರೇ ಹೋಗಿ ಹುಡುಗಿಯ ಸೆರಗನ್ನು ಸರಿಮಾಡಿ, ಗೊಂಬೆಗಳಿಗೆ ಹತ್ತಿಯ ಬಟ್ಟೆಯನ್ನೇ ಸುತ್ತಬೇಕು, ರೇಷ್ಮೆಯಾದರೆ ಬಣ್ಣ ಹಿಡಿಯುತ್ತದೆ ಎಂದು ಬುದ್ಧಿ ಹೇಳಿದರು. ಮೊಮ್ಮಗಳಿಗೆ ಶೆಟ್ಟಿದಂಪತಿಗಳು ದೊರೆತರು. ಅವಳಿಗೆ ಮೊದಲಿನಿಂದಲೂ ಬೇಕಾಗಿದ್ದವರು ಅವರೇ, ರಾಜನಿಗೆ ಅಂಗಡಿಯಿಲ್ಲವಷ್ಟೆ.

ಹಿಂದಿರುಗುವ ಗಾಡಿಯಲ್ಲಿ ಶೆಟ್ಟರೂ ಶೆಟ್ಟಿಯಮ್ಮನವರೂ ಕಿಟಕಿಯ ಪಕ್ಕದಲ್ಲಿ ಕುಳಿತಿದ್ದರು. ಸಾಗರಕಟ್ಟೆ ಬಂದಾಗ ಮೊಮ್ಮಗಳು ಅವರಿಗೆ ನೀರನ್ನು ತೋರಿಸಿ, ಅದು ಸಮುದ್ರವಲ್ಲವೆಂದು ತಿಳಿಸಿದಳು. ಮುಂದಿನ ವರ್ಷ ಎಲ್ಲಿಗೆ ಹೋಗುವುದೆಂದು ಕೇಳಿದಳು. ಹಿಂದಿನ ರಾತ್ರಿ ನಿಲ್ದಾಣದ ಟಿಕೀಟು ವಿಚಾರಿಸಲು ನಮ್ಮೊಡನೆ ಬಂದಿದ್ದ ತಮ್ಮನು, ತನ್ನ ಮನೆಯ ಅಂಗಳದಲ್ಲಿ ಐದು ಮೆಟ್ಟಿಲಿಗೆ ಸ್ಥಳವಿದೆ, ಏಳಾಗದು ಎಂದು ಹೇಳಿದ್ದನು. ಐದೂ ಬೆಸವೇ ಎಂದು ನಾವು ಉತ್ತರಕೊಟ್ಟಿದ್ದೆವು.